ನಮ್ಮ ಕಣದ ಕ್ಯಾಮೆರಾಕ್ಕೆ ಇರುಳುಗುರುಡು

ಕಾಫಿ ಒಣಗಿಸುವ ಕಣದ ಕ್ಯಾಮೆರಾ ರಿಪೇರಿಯ ಕಥೆ ಇದು. ಒಂದು ಅಂಗಡಿಗೆ 3,500 ರೂಪಾಯಿ ಕೊಟ್ಟರೂ ಆಗದ ಕೆಲಸ ಇನ್ನೊಂದರಲ್ಲಿ 840 ರೂಪಾಯಿಗೆ ಆಯಿತು. ಹೋದ ದುಡ್ಡಿಗಿಂತ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಎರಡನೆಯ ಅಂಗಡಿಯ ಹುಡುಗ ಫೋನಿನಲ್ಲಿಯೇ ಕೇಳಿದ ಒಂದು ಪ್ರಶ್ನೆಯನ್ನು ಮೊದಲನೆಯವರು ಮೂರು ವಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವರ ಹೆಸರು ಬರೆದು ಜಗಳಕ್ಕೆ ಹೋಗುವ ವಯಸ್ಸು ನನ್ನದಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ, ತೋಟದ ಮನೆಗಳಲ್ಲಿ ಕ್ಯಾಮೆರಾ ಹಾಕಿಸಿಕೊಂಡು ಕೂತವರಿಗೆ ಉಪಯೋಗಕ್ಕೆ ಬರಬಹುದು.

ನಮ್ಮದು ಮೂಡಿಗೆರೆ ತಾಲ್ಲೂಕು, ಬಣಕಲ್ ಹತ್ತಿರ. ಎಂಟು ಎಕರೆ ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ಮಗ ಬೆಂಗಳೂರಿನಲ್ಲಿದ್ದಾನೆ. 2021ರಲ್ಲಿ ಅವನೇ ಹಟ ಹಿಡಿದು ಚಿಕ್ಕಮಗಳೂರಿನ ಅಂಗಡಿಯೊಂದರಿಂದ ನಾಲ್ಕು ಕ್ಯಾಮೆರಾ, ಅವುಗಳ ಚಿತ್ರವನ್ನು ದಾಖಲಿಸಿ ಟಿವಿಗೆ ಕೊಡುವ ಪೆಟ್ಟಿಗೆ ಅಂದರೆ ಒಂದು ಡಿವಿಆರ್ ಹಾಕಿಸಿದ. ಗೇಟಿಗೊಂದು, ಅಂಗಳಕ್ಕೊಂದು, ಹಿತ್ತಿಲಿಗೊಂದು, ಕಣಕ್ಕೊಂದು. ಹಿತ್ತಿಲಿನ ಕ್ಯಾಮೆರಾ ಇಷ್ಟು ವರ್ಷಗಳಲ್ಲಿ ಹಿಡಿದ ಕಳ್ಳನೆಂದರೆ ಒಂದು ಪುನುಗು ಬೆಕ್ಕು. ಕಣದ್ದು ಮಾತ್ರ ಹಾಗಲ್ಲ. ಫೆಬ್ರವರಿಯಲ್ಲಿ ಕೊಯ್ದ ಹಣ್ಣೆಲ್ಲ ಅಲ್ಲಿಯೇ ಒಣಗುತ್ತಿರುತ್ತದೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದರೂ ರಾತ್ರಿಯೆಲ್ಲ ಬಯಲಿನಲ್ಲಿಯೇ ಇರಬೇಕು. ಕಾಫಿಗೆ ಬೆಲೆ ಬಂದ ಮೇಲಂತೂ ಅವರ ಕಣದಿಂದ ಎರಡು ಮೂಟೆ ಹೋಯಿತಂತೆ, ಇವರ ಗೋದಾಮಿನ ಬೀಗ ಒಡೆದರಂತೆ ಎಂಬ ಮಾತು ಕೇಳದ ವರ್ಷವಿಲ್ಲ.

ಕ್ಯಾಮೆರಾ ಕೆಟ್ಟದ್ದೂ ಸರಿಯಾಗಿ ಅದೇ ಹೊತ್ತಿಗೆ. ಸಂಜೆ ಏಳರ ಸುಮಾರಿಗೆ ಮಗ ಫೋನು ಮಾಡಿದ. "ಅಮ್ಮಾ, ಕಣ ಕಾಣುತ್ತಿಲ್ಲ." ಟಿವಿ ಹಾಕಿದರೆ ನಾಲ್ಕನೆಯ ಚೌಕ ಕಪ್ಪು, ಅದರ ಮೇಲೆ ‘ವಿಡಿಯೋ ಲಾಸ್’ ಎಂಬ ಬರಹ. ಸ್ವಲ್ಪ ಹೊತ್ತಿಗೆ ಅಡ್ಡ ಗೆರೆಗಳ ನಡುವೆ ಚಿತ್ರ ಬಂತು, ಮತ್ತೆ ಹೋಯಿತು. ರಾತ್ರಿಯಿಡೀ ಇದೇ ಆಟ. ಬೆಳಿಗ್ಗೆ ಎದ್ದು ನೋಡಿದರೆ ಕಣ, ಟಾರ್ಪಾಲು, ಟಾರ್ಪಾಲಿನ ಮೇಲೆ ಮಲಗಿದ ನಮ್ಮ ನಾಯಿ ಎಲ್ಲವೂ ಕನ್ನಡಿಯಂತೆ ನಿಚ್ಚಳ.

ಹಾಕಿದವರಿಗೇ ಫೋನು ಮಾಡಿದೆ. "ನಾಳೆ ಹುಡುಗನನ್ನು ಕಳುಹಿಸುತ್ತೇವೆ ಮೇಡಂ" ಎಂದರು. ಅವರ ನಾಳೆ ಆರನೆಯ ದಿನ ಬಂತು, ಅದೂ ಮಧ್ಯಾಹ್ನ ಹನ್ನೆರಡಕ್ಕೆ. ಬಂದವನು ಟಿವಿ ನೋಡಿ, "ಚೆನ್ನಾಗಿಯೇ ಬರುತ್ತಿದೆಯಲ್ಲ?" ಎಂದ. ರಾತ್ರಿ ಹೋಗುತ್ತದೆ ಎಂದೆ. ಡಿವಿಆರ್‌ನ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿ, 600 ರೂಪಾಯಿ ಇಸಿದುಕೊಂಡು ಹೋದ. ಅಂದು ರಾತ್ರಿ ಮತ್ತೆ ಕತ್ತಲೆ. ನಾಲ್ಕು ದಿನ ಬಿಟ್ಟು, ಮತ್ತೆ ನಡು ಮಧ್ಯಾಹ್ನವೇ ಬಂದು ಕ್ಯಾಮೆರಾ ಹೋಗಿದೆ ಎಂದು ತೀರ್ಮಾನ ಕೊಟ್ಟ. ಹೊಸದಕ್ಕೆ 2,300, ಬಂದದ್ದಕ್ಕೆ ಮತ್ತೆ 600. ಹಳೆಯದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದವನ ಕೈಯಿಂದ ಕೇಳಿ ಇಸಿದುಕೊಂಡೆ, ದುಡ್ಡು ಕೊಟ್ಟದ್ದು ನಾವಲ್ಲವೇ. ಹೊಸ ಕ್ಯಾಮೆರಾವೂ ಏಳು ಗಂಟೆಗೆ ಸರಿಯಾಗಿ ಕಣ್ಣು ಮುಚ್ಚಿತು. ಮೂರನೆಯ ಬಾರಿ ಫೋನಿನಲ್ಲಿಯೇ ತೀರ್ಪು ಬಂತು. ಡಿವಿಆರ್ ಹೋಗಿದೆ, ಹಳೆಯ ಮಾಡೆಲ್, ಹಾರ್ಡ್ ಡಿಸ್ಕ್ ಸಮೇತ ಹೊಸದು 14,500.

ಇನ್ನೊಬ್ಬರಿಗೆ ತೋರಿಸೋಣವೆಂದು ಡಿವಿಆರ್‌ನ ಪಾಸ್‌ವರ್ಡ್ ಕೇಳಿದರೆ, "ಅದು ನಮ್ಮಲ್ಲಿಯೇ ಇರಲಿ ಮೇಡಂ, ಸುರಕ್ಷತೆಗೆ" ಎಂದರು! ನಮ್ಮ ಅಂಗಳದಲ್ಲಿ ಯಾರು ಓಡಾಡುತ್ತಾರೆ ಎಂದು ತೋರಿಸುವ ಪೆಟ್ಟಿಗೆಯ ಬೀಗದ ಕೈ ಚಿಕ್ಕಮಗಳೂರಿನ ಅಂಗಡಿಯಲ್ಲಿ. ಇದಕ್ಕೆ ಸುರಕ್ಷತೆ ಎಂದು ಹೆಸರು. ನಮ್ಮ ಯಜಮಾನರು ಎಂದೂ ಧ್ವನಿ ಏರಿಸದವರು. ಅವರು ಫೋನು ಕಸಿದುಕೊಂಡು ಎರಡು ಮಾತು ಆಡಿದ ಮೇಲೆ ಪಾಸ್‌ವರ್ಡ್ ಬಂತು. ಒಂದರಿಂದ ಆರರವರೆಗಿನ ಅಂಕಿಗಳು, ಅಷ್ಟೇ.

ಮೂಡಿಗೆರೆಯಲ್ಲಿ ಟಿವಿ, ಮಿಕ್ಸಿ, ಯುಪಿಎಸ್ ಎಲ್ಲ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದರ ನಂಬರನ್ನು ಪಕ್ಕದ ತೋಟದವರು ಕೊಟ್ಟರು. ಫೋನು ಎತ್ತಿದ ಹುಡುಗ ಮೊದಲು ಕೇಳಿದ್ದೇ ಇದು: "ಅಕ್ಕಾ, ಹಗಲು ಬರುತ್ತದೆಯೇ? ಹೋಗುವುದು ಎಷ್ಟು ಗಂಟೆಗೆ?" ಹೇಳಿದೆ. "ಹಾಗಾದರೆ ಕ್ಯಾಮೆರಾ ಕೆಟ್ಟಿರಲಾರದು. ಯಾವುದನ್ನೂ ಬದಲಾಯಿಸಬೇಡಿ, ಬರುತ್ತೇನೆ" ಎಂದ. ಒಂದು ಕ್ಯಾಮೆರಾ ಆಗಲೇ ಬದಲಾಗಿದೆ ಎಂದು ಹೇಳಲು ನಾಚಿಕೆಯಾಗಿ ಸುಮ್ಮನಾದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಎಂದವನು ಹನ್ನೊಂದೂವರೆಗೆ ಬಂದ. ಮೊದಲು ಡಿವಿಆರ್ ಹಿಂದೆ ಕೈ ಹಾಕಿ ಕಣದ ವೈರನ್ನು ನಾಲ್ಕನೆಯ ಕಿಂಡಿಯಿಂದ ತೆಗೆದು ಒಂದನೆಯದಕ್ಕೆ, ಗೇಟಿನದನ್ನು ನಾಲ್ಕನೆಯದಕ್ಕೆ ಸಿಕ್ಕಿಸಿದ. "ರಾತ್ರಿಯಾಗಲಿ ಎಂದು ಕಾಯುವುದು ಬೇಡ" ಎಂದು ಕಣಕ್ಕೆ ಹೋಗಿ, ಅಲ್ಲಿ ಕಾವಲಿರುವ ಅಜ್ಜನ ಕಂಬಳಿ ಕೊಪ್ಪೆಯನ್ನು ಕೇಳಿ ಪಡೆದು, ಏಣಿ ಹತ್ತಿ ಕ್ಯಾಮೆರಾದ ತಲೆಗೆ ಮುಸುಕು ಹಾಕಿದ. ಒಳಗೆ ಟಕ್ ಎಂದಿತು. ಕತ್ತಲಾಯಿತೆಂದು ತಿಳಿದ ಕ್ಯಾಮೆರಾ ರಾತ್ರಿಯ ಬಣ್ಣಕ್ಕೆ ತಿರುಗುವಾಗ ಮಾಡುವ ಸದ್ದಂತೆ ಅದು. ಲೆನ್ಸಿನ ಸುತ್ತ ಇರುವ ಐಆರ್ ದೀಪಗಳು, ಅಂದರೆ ಕತ್ತಲಲ್ಲಿ ಕ್ಯಾಮೆರಾಕ್ಕೆ ಬೆಳಕು ಕೊಡುವ ಇನ್‌ಫ್ರಾರೆಡ್ ದೀಪಗಳು, ಹೊತ್ತಿಕೊಂಡಿವೆ ನೋಡಿ ಎಂದ. ನನ್ನ ಕಣ್ಣಿಗೆ ಕೆಂಡದ ಕಿಡಿಯಷ್ಟು ಮಂಕು ಕೆಂಪು ಬಿಟ್ಟರೆ ಏನೂ ಕಾಣಲಿಲ್ಲ. ಅವನ ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದರೆ ಅವೇ ನೇರಳೆ ಬಣ್ಣದಲ್ಲಿ ಉರಿಯುತ್ತಿದ್ದವು. ಅಷ್ಟರಲ್ಲಿ ಮನೆಯೊಳಗಿಂದ ಯಜಮಾನರು ಕೂಗಿದರು, ಹೋಯಿತು, ಒಂದನೆಯ ಚೌಕ ಹೋಯಿತು ಎಂದು. ಗೇಟು ನಾಲ್ಕನೆಯದರಲ್ಲಿ ನೆಟ್ಟಗೆ ಕಾಣುತ್ತಿತ್ತು. ಕಿಂಡಿ ಬದಲಾದರೂ ತೊಂದರೆ ಕಣದ ವೈರಿನ ಜೊತೆಗೇ ಹೋಯಿತು, ಅಂದರೆ ಡಿವಿಆರ್ ಕೆಟ್ಟಿಲ್ಲ. 14,500 ರೂಪಾಯಿ ಅಲ್ಲಿಗೆ ಉಳಿಯಿತು.

ಆಮೇಲೆ ಮೀಟರು ತೆಗೆದ. ಮನೆಯಲ್ಲಿರುವ ಪವರ್ ಸಪ್ಲೈ ಹತ್ತಿರ 12.1 ವೋಲ್ಟ್. ಕಣದಲ್ಲಿ ಕ್ಯಾಮೆರಾದ ಪಿನ್ನಿನ ಹತ್ತಿರ, ಮುಸುಕು ತೆಗೆದಾಗ 10.8. ಮುಸುಕು ಹಾಕಿದರೆ 8.5ಕ್ಕೆ ಇಳಿದು ಕ್ಯಾಮೆರಾ ಆರಿತು. ದೀಪ ಆರಿದರೆ ವೋಲ್ಟೇಜು ಏರುತ್ತದೆ, ಕ್ಯಾಮೆರಾ ಏಳುತ್ತದೆ, ದೀಪ ಹೊತ್ತಿಸುತ್ತದೆ, ಮತ್ತೆ ಬೀಳುತ್ತದೆ. ರಾತ್ರಿಯಿಡೀ ನಡೆಯುತ್ತಿದ್ದ ಆಟದ ಗುಟ್ಟು ಇದು. ಹಗಲು ಅರೆಹೊಟ್ಟೆಯಲ್ಲಿ ದುಡಿಯುವ ಕ್ಯಾಮೆರಾಕ್ಕೆ ರಾತ್ರಿ ಐಆರ್ ದೀಪದ ಭಾರವೂ ಬಿದ್ದರೆ ತಾಳುವುದಿಲ್ಲ.

ಮನೆಯಿಂದ ಕಣಕ್ಕೆ ಎಂಬತ್ತು ಮೀಟರು. ಚಿತ್ರದ ವೈರಿನ ಜೊತೆಗೇ ಸಣ್ಣ ಎಳೆಗಳಲ್ಲಿ ಕರೆಂಟು ಹೋಗುವ ತ್ರೀ ಪ್ಲಸ್ ಒನ್ ಕೇಬಲ್ಲು. ಎಳೆ ಸಣ್ಣದು, ದಾರಿ ದೂರ, ಹೋಗಿ ಬರುವ ಲೆಕ್ಕ ಹಿಡಿದರೆ ನೂರ ಅರವತ್ತು ಮೀಟರು. ದಾರಿಯಲ್ಲಿಯೇ ಒಂದಿಷ್ಟು ವೋಲ್ಟೇಜು ಸೋರುತ್ತದೆ. ಆದರೂ ಮೂರು ವರ್ಷ ನಡೆದಿತ್ತಲ್ಲ ಎಂದು ಕೇಳಿದೆ. ಅವನು ಕೇಬಲ್ಲಿನ ಹಾದಿ ಹಿಡಿದು ನಡೆದು ಹಲಸಿನ ಮರದ ಕೆಳಗೆ ನಿಂತ. ಅಲ್ಲಿ ಎರಡು ತುಂಡುಗಳನ್ನು ಬರಿಗೈಯಲ್ಲಿ ಹೊಸೆದು ಕಪ್ಪು ಟೇಪು ಸುತ್ತಿದ್ದರು. ಬಿಚ್ಚಿದರೆ ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದು ಮುಟ್ಟಿದರೆ ಪುಡಿಯಾಗುತ್ತಿತ್ತು. ನಮ್ಮ ಕಡೆಯ ಮಳೆಗಾಲಗಳನ್ನು ಬರೀ ಟೇಪಿನ ಭರವಸೆಯಲ್ಲಿ ಕಳೆದ ಜಾಯಿಂಟು! ಅಲ್ಲಿಯವರೆಗೆ ಹೇಗೋ ಸಾಲುತ್ತಿದ್ದದ್ದು ಸಾಲದಂತಾದದ್ದು ಇದರಿಂದ.

ಕಿಲುಬು ಹಿಡಿದದ್ದನ್ನು ಕತ್ತರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಸ್ಲೀವ್ ಎಂಬ ಕೊಳವೆ ಕಾಯಿಸಿ ಕೂರಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಮರದಿಂದ ದೂರದ ಗೂಟಕ್ಕೆ ಕಟ್ಟಿದ. ಮತ್ತೆ ಮುಸುಕು, ಮತ್ತೆ ಮೀಟರು: 9.3, ಚಿತ್ರ ಹೋಗದೆ ಉಳಿಯಿತು. ನಾನಾಗಿದ್ದರೆ ಇಷ್ಟಕ್ಕೆ ಕಾಫಿ ಕುಡಿಸಿ ಕಳುಹಿಸುತ್ತಿದ್ದೆ. ಅವನಿಗೆ ಸಮಾಧಾನವಾಗಲಿಲ್ಲ. ಕಣದ ಪಕ್ಕದ ಗೋದಾಮಿನಲ್ಲಿ ಕರೆಂಟು ಇರುವಾಗ ಮನೆಯಿಂದ ಎಳೆದದ್ದೇಕೆ ಎಂದು ಕೇಳಿ, ಅಲ್ಲಿಯೇ 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿದ. ಈಗ ಮುಸುಕು ಹಾಕಿದರೂ 11.9. ಹಳೆಯ ಕ್ಯಾಮೆರಾವನ್ನೂ ಹಾಕಿ ತೋರಿಸಿದ, ಅದಕ್ಕೆ ಒಂದಿಷ್ಟೂ ಏನೂ ಆಗಿರಲಿಲ್ಲ. ಈಗ ಅದು ಬೀರುವಿನಲ್ಲಿ ಕೂತಿದೆ.

ಹೊರಡುವ ಮುಂಚೆ ಪರದೆಯ ಮೇಲಿನ ದಿನಾಂಕ ನೋಡಿ ನಕ್ಕ. ನಮ್ಮ ಡಿವಿಆರ್ ಪ್ರಕಾರ ಇನ್ನೂ ಹಳೆಯ ವರ್ಷವೇ ನಡೆಯುತ್ತಿತ್ತು. ಕರೆಂಟು ಹೋದಾಗ ಗಡಿಯಾರವನ್ನು ಕಾಯುವ ನಾಣ್ಯದಂಥ ಸೆಲ್ ಸತ್ತಿತ್ತು. ಕಳ್ಳತನವಾಗಿ ಪೊಲೀಸರಿಗೆ ತೋರಿಸಿದ್ದರೆ ಕಳ್ಳ ಹೋದ ವರ್ಷವೇ ಬಂದು ಹೋದ ಎಂದಾಗುತ್ತಿತ್ತು. ಸೆಲ್ಲಿಗೆ 40, ಅಡಾಪ್ಟರಿಗೆ 350, ಡಬ್ಬಿ ಮತ್ತು ಸ್ಲೀವಿಗೆ 150, ಅವನ ಕೂಲಿ 300. ಪಾಸ್‌ವರ್ಡನ್ನು ನನ್ನ ಕೈಯಲ್ಲಿಯೇ ಬದಲಾಯಿಸಿಸಿ, ಆ ಹೊತ್ತಿಗೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಅದಕ್ಕೇ ಇನ್ನೊಂದು ನೂರು ಕೊಡಬಹುದಿತ್ತು.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿತಗೊಳಿಸಿದ್ದು ತಡವಾಗಿ ಬಂದದ್ದಕ್ಕಲ್ಲ. ಮನೆಗೆ ಯುಪಿಎಸ್ ಇದೆ, ಗೋದಾಮಿಗಿಲ್ಲ. ಈಗ ಕರೆಂಟು ಹೋದರೆ ಕಣದ ಕ್ಯಾಮೆರಾ ಮಾತ್ರ ಆರುತ್ತದೆ, ಮೊದಲು ಹಾಗಿರಲಿಲ್ಲ. ಇದನ್ನು ಅವನು ಹೇಳಿದ್ದು ಎಲ್ಲ ಮುಗಿದ ಮೇಲೆ. 1,400ಕ್ಕೆ ಸಣ್ಣ ಬ್ಯಾಟರಿ ಬ್ಯಾಕಪ್ ಹಾಕಿಕೊಡುತ್ತೇನೆ ಎಂದಿದ್ದಾನೆ. ಮೆಣಸು ಮಾರಿದ ಮೇಲೆ ನೋಡೋಣ ಎಂದಿದ್ದೇನೆ. ಮೊದಲ ಅಂಗಡಿಗೆ ಒಂದು ನಕ್ಷತ್ರ, ಅದೂ ಸೊನ್ನೆ ಕೊಡಲು ಅವಕಾಶವಿಲ್ಲದ್ದರಿಂದ.

ನಿನ್ನೆ ಸಂಜೆ ಏಳಕ್ಕೆ ಮಗನ ಫೋನು ಮತ್ತೆ ಬಂತು. ಎದೆ ಧಸಕ್ಕೆಂದಿತು. "ಅಮ್ಮಾ, ಕಣದಲ್ಲಿ ಯಾರೋ ಬಿಳಿ ಹಗ್ಗ ಕಟ್ಟಿದ್ದಾರೆ." ಟಾರ್ಚು ಹಿಡಿದು ಹೋಗಿ ನೋಡಿದೆ. ಲೆನ್ಸಿನ ಮುಂದೆ ಜೇಡ ಬಲೆ ನೇಯ್ದಿತ್ತು. ಪೊರಕೆ ತರಲು ಮನೆಗೆ ವಾಪಸು ಬಂದೆ.