ಮಹಡಿಯ ಎರಡು ಬಚ್ಚಲು: ಒಂದಕ್ಕೆ ಗ್ರೌಟ್, ಇನ್ನೊಂದಕ್ಕೆ ಸುತ್ತಿಗೆ

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 1997ರಲ್ಲಿ ಕಟ್ಟಿದ ಮನೆ. ಮಹಡಿಯಲ್ಲಿ ಎರಡು ಬಾತ್‌ರೂಮ್. ಒಂದು ಅಡುಗೆಮನೆಯ ಮೇಲೆ, ಇನ್ನೊಂದು ದೇವರಮನೆಯ ಮೇಲೆ. (ವಾಸ್ತು ನೋಡುವವರು ಆ ಕೊನೆಯ ಮಾತನ್ನು ಓದಿಲ್ಲ ಅಂದುಕೊಳ್ಳಿ.) ಎರಡೂ ಒಂದೇ ಅಳತೆ, ಐದಡಿ ಏಳಡಿ. ಎರಡೂ ಒಂದೇ ಮಳೆಗಾಲದಲ್ಲಿ ಸೋರಲು ಶುರುವಾದವು. ಕೆಳಗಿನ ಚಾವಣಿಯಲ್ಲಿ ಪೇಂಟ್ ಗುಳ್ಳೆ ಎದ್ದು, ಬಿಳಿ ಉಪ್ಪು ಉದುರತೊಡಗಿತು.

ಬಂದು ನೋಡಿದವರಲ್ಲಿ ಎರಡು ಪಂಗಡ. ಒಬ್ಬ ಮೇಸ್ತ್ರಿ, "ಒಡೀಲೇಬೇಕು ಸಾರ್, ಬೇರೆ ದಾರಿ ಇಲ್ಲ" ಎಂದ. ಇನ್ನೊಬ್ಬ, "ಸುಮ್ನೆ ಯಾಕೆ ಒಡೀತೀರಿ, ಸಂದಿಗೆ ಎಪಾಕ್ಸಿ ತುಂಬಿಸಿ ಸಾಕು" ಎಂದ. ನನಗೆ ಯಾವ ಮಾತು ಹಿತವಾಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಮೊದಲು ಅಡುಗೆಮನೆ ಮೇಲಿನದಕ್ಕೆ ಎಪಾಕ್ಸಿ ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬುವ ರಾಳದ ಮಾಲು, ಹಾಕಿಸಿದೆ. ಕೆಲಸ ನೋಡಲು ಸುಲಭ, ಮಾಡಲು ಅಲ್ಲ. ಟೈಲ್ಸ್ ನಡುವಿನ ಹಳೆಯ ಸಿಮೆಂಟನ್ನು ಸಣ್ಣ ಮೆಷಿನ್‌ನಿಂದ ಕೆರೆದು ತೆಗೆದರು. ಪೂರ್ತಿ ತೆಗೆಯದೆ ಬರೀ ಮೇಲ್ಮೇಲೆ ಗೀಚಿ ತುಂಬಿದರೆ ಕೆಲವೇ ತಿಂಗಳಲ್ಲಿ ಎದ್ದು ಬರುತ್ತದೆ. ಆಮೇಲೆ ಎರಡು ದಿನ ಫ್ಯಾನ್ ಹಾಕಿ ಒಣಗಿಸಿದೆವು. ರಾಳ, ಅದನ್ನು ಗಟ್ಟಿ ಮಾಡುವ ದ್ರಾವಣ, ಪುಡಿ, ಮೂರನ್ನೂ ಸ್ವಲ್ಪ ಸ್ವಲ್ಪವೇ ಕಲಸಿ ತುಂಬಬೇಕು. ಬೇಗ ಗಟ್ಟಿಯಾಗುವ ಮಾಲು ಅದು. ಒರೆಸುವುದು ತಡವಾದರೆ ಟೈಲ್ಸ್ ಮೇಲೆ ಮಂಜಿನಂಥ ಪದರ ಕೂತುಬಿಡುತ್ತದೆ. ನಮ್ಮಲ್ಲಿ ಬಾಗಿಲ ಹಿಂದೆ ಕೂತಿದೆ, ಇವತ್ತಿಗೂ ಹೋಗಿಲ್ಲ. ಒಟ್ಟು ಖರ್ಚು 11,000 ರೂಪಾಯಿ. ಮೂರು ದಿನ ನೀರು ಬೀಳಿಸಬೇಡಿ ಎಂದಿದ್ದರು, ಬೀಳಿಸಲಿಲ್ಲ.

ಅಲ್ಲಿ ಸೋರಿಕೆ ನಿಂತಿತು. ನಿಂತದ್ದು ಗೊತ್ತಾಗಲು ಮಾತ್ರ ಮೂರು ತಿಂಗಳು ಬೇಕಾಯಿತು. ಏಕೆಂದರೆ ಬಾತ್‌ರೂಮಿನ ತಗ್ಗು ಸ್ಲ್ಯಾಬಿಗೆ ತುಂಬಿದ ಇಟ್ಟಿಗೆ ಚೂರು ನೀರು ಕುಡಿದು ಕೂತಿರುತ್ತದೆ. ಮೇಲೆ ಮುಚ್ಚಿದರೂ ಕೆಳಗೆ ಜಿನುಗುವುದು ತಕ್ಷಣ ನಿಲ್ಲದು. ಆ ಮೂರು ತಿಂಗಳು ನಾನು ಮೇಸ್ತ್ರಿಯನ್ನು ಬೈದದ್ದು ಅನ್ಯಾಯ.

ಧೈರ್ಯ ಬಂತು. ದೇವರಮನೆ ಮೇಲಿನದಕ್ಕೂ ಅದನ್ನೇ ಮಾಡಿಸಿದೆ. ಇನ್ನೊಂದು 11,000. ಮೂರಲ್ಲ, ಐದು ತಿಂಗಳು ಕಾದೆ. ಕಲೆ ದೊಡ್ಡದಾಯಿತೇ ಹೊರತು ಒಣಗಲಿಲ್ಲ. ಅಮ್ಮ ದೀಪದ ಪಕ್ಕ ಒಂದು ಸ್ಟೀಲ್ ಡಬರಿ ಇಟ್ಟು, "ನಿನ್ನ ಎಪಾಕ್ಸಿಗಿಂತ ಇದೇ ವಾಸಿ ಕಣೋ" ಎಂದರು.

ದುಡ್ಡು ಕೊಡುವ ಮೊದಲು ಮಾಡಬೇಕಾದ ಪರೀಕ್ಷೆಯನ್ನು ನಾನು ಆಗ ಮಾಡಿದೆ. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿಗೆ ಬಟ್ಟೆ ಗಟ್ಟಿಯಾಗಿ ತುರುಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಬೆರೆಸಿ 24 ಗಂಟೆ ಬಿಟ್ಟೆ. ಕೆಳಗೆ ಏನೂ ಹೊಸದಾಗಿ ಒದ್ದೆಯಾಗಲಿಲ್ಲ. ಅಂದರೆ ನೆಲದ ಸಂದಿನಲ್ಲಿ ತಪ್ಪಿಲ್ಲ. ಬಟ್ಟೆ ತೆಗೆದು ಎರಡು ಬಕೆಟ್ ನೀಲಿ ನೀರನ್ನು ಟ್ರ್ಯಾಪಿಗೇ ಸುರಿದೆ. ಮಾರನೇ ದಿನ ಚಾವಣಿಯಲ್ಲಿ ನೀಲಿ ಗೆರೆ! ಇದಲ್ಲದೆ ಇನ್ನೊಂದು ಸುಳಿವೂ ಇದೆ. ಎರಡು ಮೂರು ದಿನ ಬಾತ್‌ರೂಮ್ ಬಳಸದೆಯೂ ಚಾವಣಿ ಹೊಸದಾಗಿ ಒದ್ದೆಯಾಗುತ್ತಿದ್ದರೆ ಅನುಮಾನ ಗೋಡೆಯೊಳಗಿನ ಪೈಪಿನ ಮೇಲೆ.

ಸರಿ, ಸುತ್ತಿಗೆ ಬಂತು. ಆ 17 ದಿನ ನೆನೆಸಿಕೊಂಡರೆ ಈಗಲೂ ಮೂಗಿನಲ್ಲಿ ಧೂಳು. ಇಟ್ಟಿಗೆ ಚೂರು, ಗಾರೆ, ಒಡೆದ ಟೈಲ್ಸ್ ಸೇರಿ 60ಕ್ಕೂ ಜಾಸ್ತಿ ಸಿಮೆಂಟ್ ಚೀಲ ಮೆಟ್ಟಿಲಿಳಿದವು. ಟ್ರ್ಯಾಪ್ ಮತ್ತು ಪೈಪಿನ ಜೋಡಣೆಗೆ ಬರೀ ಸಿಮೆಂಟ್ ಮೆತ್ತಿದ್ದರು, ಅದು ಬಿರುಕು ಬಿಟ್ಟಿತ್ತು. ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇನ್ನೂ ತೂತಾಗಿರಲಿಲ್ಲ, ಆದರೆ ಒಳಗೆಲ್ಲ ತುಕ್ಕು ಕಟ್ಟಿ ಬೆರಳು ತೂರದಷ್ಟು ಕಿರಿದಾಗಿತ್ತು. ಗ್ರೌಟ್ ಆ ಜಾಗ ಮುಟ್ಟುವುದೇ ಇಲ್ಲ, ಅಲ್ವಾ? ಅದರ ಬದಲು ಪ್ಲಾಸ್ಟಿಕ್ ಪೈಪ್, ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ ಹಾಕಿಸಿದೆ. ಗೋಡೆ ಮುಚ್ಚುವ ಮೊದಲು ಪ್ಲಂಬರ್ ಕೈಪಂಪಿನಿಂದ ಪ್ರೆಶರ್ ಕೊಟ್ಟು ರಾತ್ರಿಯಿಡೀ ಬಿಟ್ಟ. ಬೆಳಿಗ್ಗೆ ಪ್ರೆಶರ್ ಮೀಟರಿನ ಮುಳ್ಳು ಇಳಿದಿರಲಿಲ್ಲ.

ವಾಟರ್‌ಪ್ರೂಫಿಂಗಿನಲ್ಲಿ ಮೂಲೆಗಳೇ ಮುಖ್ಯ. ನೆಲ ಗೋಡೆ ಸೇರುವಲ್ಲಿ ಗಾರೆಯಿಂದ ಗುಂಡಗೆ ಮಾಡಿ, ಆಮೇಲೆ ಎರಡು ಕೋಟ್ ಹಚ್ಚಿದರು. ಒಂದು ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಶವರ್ ಇರುವ ಗೋಡೆಗೆ ಆರಡಿವರೆಗೆ. 48 ಗಂಟೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಮುಂದಿನ ಕೆಲಸ. ಸ್ಲ್ಯಾಬಿನ ತಳದಿಂದ ಹೊರಗೋಡೆಗೆ ಒಂದು ಸಣ್ಣ ಪೈಪ್ ಬಿಡಿಸಿದ್ದೇವೆ. ನಾಳೆ ಎಲ್ಲಾದರೂ ಸೋರಿದರೆ ದೇವರಮನೆಗೆ ಇಳಿಯುವ ಮೊದಲು ಅಲ್ಲಿ ಹನಿ ಕಾಣುತ್ತದೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆ ನೂರಾರು ರೂಪಾಯಿಯ ಪೈಪೇ. ಒಟ್ಟು ಬಿಲ್ 1,34,000. ಎರಡು ಮಳೆಗಾಲ ಕಳೆದಿದೆ, ಚಾವಣಿ ಒಣಗಿದೆ.

ಬಳಕೆಯಲ್ಲಿ ಹೇಗೆ? ಎಪಾಕ್ಸಿಗೆ ಕೊಳೆ ಹಿಡಿಯುವುದು ಕಡಿಮೆ, ಬ್ರಶ್ ಆಡಿಸಿದರೆ ಸಾಕು. ಕಿಟಕಿ ಬಿಸಿಲು ಬೀಳುವ ಕಡೆ ಬಿಳಿ ಬಣ್ಣ ಹಳದಿಗೆ ತಿರುಗಿದೆ. ಮೊದಲೇ ಬೂದಿ ಬಣ್ಣ ತಗೊಂಡಿದ್ದರೆ ಕಾಣುತ್ತಿರಲಿಲ್ಲ. ಹೊಸ ಬಾತ್‌ರೂಮಿಗೂ ಎಪಾಕ್ಸಿಯನ್ನೇ ಹಾಕಿಸಿದೆ, ಬೂದಿಯದು. ಅಂದಹಾಗೆ, ಹಳೆಯ ಸಿಮೆಂಟ್ ಗ್ರೌಟ್ ಅಷ್ಟು ಬೇಗ ಹಾಳಾಗಲು ನಾವೇ ಕಾರಣ. ಬೋರ್ ನೀರಿನ ಬಿಳಿ ಕಲೆಗೆ ಪ್ರತಿ ತಿಂಗಳೂ ಆಸಿಡ್ ಸುರಿಯುತ್ತಿದ್ದೆವು. ಆಸಿಡ್ ಕಲೆಯ ಜೊತೆ ಸಿಮೆಂಟನ್ನೂ ತಿನ್ನುತ್ತದೆ. ಈಗ ವಿನೆಗರ್ ಕೂಡ ಮುಟ್ಟುವುದಿಲ್ಲ, ಸ್ನಾನವಾದ ಮೇಲೆ ಗೋಡೆ ಒರೆಸುತ್ತೇವೆ.

ನಿಮ್ಮ ಮನೆಯದು 25 ವರ್ಷ ದಾಟಿದ ಜಿಐ ಪೈಪ್ ಆಗಿದ್ದು, ನೀಲಿ ನೀರು ಟ್ರ್ಯಾಪಿನ ಕಡೆ ಬೊಟ್ಟು ಮಾಡಿದರೆ, ನನ್ನ ಹಾಗೆ 11,000 ಕಳೆಯಬೇಡಿ. ನೇರ ಒಡೆಸಿ. ನೆಲದ ಸಂದಿನದೇ ತಪ್ಪಾಗಿದ್ದರೆ ಒಡೆಸುವುದು ದಂಡ.

ಒಂದು ವಿಷಯದಲ್ಲಿ ಮಾತ್ರ ಹಳೆಯ ಬಾತ್‌ರೂಮೇ ಗೆದ್ದಿದೆ. ಅಲ್ಲಿ ನೆಲಕ್ಕೆ ಎಂಟಿಂಚಿನ ಸಣ್ಣ ಟೈಲ್ಸ್, ನೀರು ಬಿದ್ದ ತಕ್ಷಣ ಟ್ರ್ಯಾಪಿಗೆ ಓಡುತ್ತದೆ. ಹೊಸದಕ್ಕೆ ಎರಡಡಿಯ ದೊಡ್ಡ ಟೈಲ್ಸ್ ಬೇಕು ಎಂದು ನಾನೂ ನನ್ನಾಕೆಯೂ ಹಟ ಹಿಡಿದೆವು. "ದೊಡ್ಡದಕ್ಕೆ ವಾಟ ಕೂರಲ್ಲ ಸಾರ್, ಆಮೇಲೆ ನನ್ನ ಬೈಬೇಡಿ" ಎಂದು ಮೇಸ್ತ್ರಿ ಹೇಳಿಯೇ ಹಾಕಿದ. 1,34,000 ರೂಪಾಯಿಯ ಬಾತ್‌ರೂಮಿನ ಬಾಗಿಲ ಬಳಿ ಈಗ ಅಂಗೈಯಗಲ ನೀರು ನಿಲ್ಲುತ್ತದೆ. ಪಕ್ಕದಲ್ಲೇ ವೈಪರ್ ಇಟ್ಟಿದ್ದೇವೆ.