ಇಷಾಪುರದ .315 ಬೋಲ್ಟ್ ರೈಫಲ್: ದುಡ್ಡು ಕೊಡುವ ಮುನ್ನ ಬಿಚ್ಚಿ ನೋಡಿ

ಕೋವಿಯ ಲೈಸನ್ಸ್ ಕೈಗೆ ಬಂದ ಮೇಲೆ ದಾವಣಗೆರೆ, ಚಿತ್ರದುರ್ಗದವರಿಗೆ ಆಯ್ಕೆ ದೊಡ್ಡದೇನಿಲ್ಲ. ಮೌಸರ್, ರಿಗ್ಬಿಯಂಥ ವಿದೇಶಿ ಬೇಟೆ ರೈಫಲ್ ಬೇಕೆಂದರೆ ಹಳೆಯ ಮನೆತನಗಳಿಂದ ಕೈಬದಲಾಗಿ ಬರಬೇಕು. .303 ನಿಷೇಧಿತ ಬೋರ್ (ನಳಿಕೆಯ ಒಳಅಳತೆ). ಹೀಗಾಗಿ ಹೆಚ್ಚಿನವರು ಬಂದು ನಿಲ್ಲುವುದು ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ .315 ಬೋರ್ ರೈಫಲ್ಲಿನ ಎದುರು. ಗಟ್ಟಿಮುಟ್ಟಾದ, ನಂಬಬಹುದಾದ ರೈಫಲ್ ಇದು. ಆದರೆ ಒಂದೊಂದರ ಫಿಟಿಂಗ್ ಒಂದೊಂದು ಥರ. ಮರದ ಪಾಲಿಶ್ ನೋಡಿ ಒಪ್ಪಿಕೊಳ್ಳಬೇಡಿ.

ಇದರ ಮೈಕಟ್ಟು ಹಳೆಯ ಬ್ರಿಟಿಷ್ ಸೇನಾ ರೈಫಲ್ ಲೀ-ಎನ್‌ಫೀಲ್ಡ್‌ನದು. ಬೋಲ್ಟನ್ನು (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಸರಳು) ಬಿಗಿಹಿಡಿಯುವ ಕಿವಿಗಳು ಹಿಂಭಾಗದಲ್ಲಿವೆ. ಮೌಸರ್‌ನಲ್ಲಿ ಅವು ಮುಂದೆ, ತೋಟಾದ ಬುಡದ ಹತ್ತಿರ ಇರುತ್ತವೆ. ಬಿಗಿತದಲ್ಲಿ ಮೌಸರ್ ಮೇಲು, ಸರಾಗ ಓಟದಲ್ಲಿ ಲೀ ಮೇಲು. ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಸ್ಪ್ರಿಂಗ್ ಎದುರು ತಳ್ಳುತ್ತದೆ. ಮುಚ್ಚುವಾಗಲೇ ಹೊಡೆಮುಳ್ಳು (ತೋಟಾದ ಬುಡಕ್ಕೆ ಹೊಡೆಯುವ ಮೊಳೆ) ಸಜ್ಜಾಗುವ ಏರ್ಪಾಟು ಇದು, ದೋಷವೆಂದು ತಿಳಿಯಬೇಡಿ.

ಮೊದಲು ತೋಟಾ ತುಂಬುವ ಮ್ಯಾಗಜಿನ್, ನಳಿಕೆಯ ಹಿಂದೆ ತೋಟಾ ಕೂರುವ ಚೇಂಬರ್ ಎರಡೂ ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬೋಲ್ಟ್ ಹಿಡಿಯ ಬುಡದಲ್ಲಿರುವ ನಂಬರನ್ನು ಮೈಮೇಲಿನ ನಂಬರಿಗೆ ಹೋಲಿಸಿ. ಬೇರೆಯಾಗಿದ್ದರೆ ಅಲ್ಲೇ ಕೈಬಿಡಿ. ಬೋಲ್ಟಿನ ತಲೆ ತಿರುಪಿನಿಂದ ಕೂರುವ ಬಿಡಿ ಭಾಗ. ಅದನ್ನು ಆಯಾ ರೈಫಲ್ಲಿಗೇ ಹೊಂದಿಸಿರುತ್ತಾರೆ. ಯಾವುದೋ ತಲೆ ತಂದು ಹಾಕಿದರೆ ತೋಟಾದ ಹಿಂದೆ ಸಂದು ಹೆಚ್ಚಾಗಿ, ಹಾರಿಸಿದಾಗ ತೋಟಾದ ಖೋಲು ಬುಡದ ಹತ್ತಿರ ಹಿಗ್ಗಿ ತುಂಡಾಗಬಹುದು. ಬಿಸಿ ಅನಿಲ ನುಗ್ಗುವುದು ಹಾರಿಸಿದವನ ಮುಖದ ಕಡೆಗೆ. ಹಳೆಯ ರೈಫಲ್ ಆದರೆ ಅದರಲ್ಲಿ ಹಾರಿಸಿದ ಖೋಲು ಕೇಳಿ ನೋಡಿ: ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಸಂದು ಹೆಚ್ಚಿದೆ ಎಂದೇ ಅರ್ಥ.

ಬೋಲ್ಟ್ ತೆಗೆದು, ನಳಿಕೆಯ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿಸಿ, ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಇದ್ದರೆ ಹೊಂಡ ಬಿದ್ದ ನಳಿಕೆಯೂ ಮಿಂಚುತ್ತದೆ. ನಳಿಕೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳ ಅಂಚು ಚೂಪಾಗಿರಬೇಕು. ಒಳಗೆ ಕಪ್ಪು ಉಂಗುರದಂಥ ನೆರಳು ಕಂಡರೆ, ಏನೋ ಸಿಕ್ಕಿಕೊಂಡಿದ್ದಾಗಲೇ ಹಾರಿಸಿ ನಳಿಕೆ ಉಬ್ಬಿರಬಹುದು; ಅಂಥದ್ದು ಬೇಡ. ಬಾಯಿಯ ಅಂಚಿನಲ್ಲಿ ಸಣ್ಣ ಚೂರು ಹಾರಿದ್ದರೂ ಗುಂಡು ದಿಕ್ಕು ತಪ್ಪುತ್ತದೆ.

ಬೋಲ್ಟ್ ಮತ್ತೆ ಕೂರಿಸಿ ಮುಚ್ಚಿ, ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಬಿಡಿ, ಸೇಫ್ಟಿ ತೆಗೆಯಿರಿ. ಆಗ 'ಟಕ್' ಅಂದರೆ ಆ ರೈಫಲ್ ಅಪಾಯಕಾರಿ. ಟ್ರಿಗರ್ ಎರಡು ಹಂತದ್ದು: ಮೊದಲು ಹಗುರ, ಆಮೇಲೆ ಬಿಗಿ. ಹಗುರ ಮಾಡಿಸಲು ಅರ ಹಿಡಿದವರ ಕೈಗೆ ಕೊಡಬೇಡಿ.

.315 ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿದೆ. ಮ್ಯಾಗಜಿನ್ನಿಗೆ ಐದನ್ನು ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಲೇಬೇಕು. ಹಿಂದಾದರೆ ಬೋಲ್ಟ್ ತಳ್ಳಿದಾಗ ಎರಡೂ ಕೊಂಡಿ ಹಾಕಿಕೊಂಡು ನಿಂತುಬಿಡುತ್ತವೆ. "ಮ್ಯಾಗಜಿನ್ ಸರಿಯಿಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಇದೇ. ಇನ್ನೊಂದು ಬೇಟೆ ರೈಫಲ್ ತೋಟಾ .30-06ಕ್ಕೆ ಹೊರಚಾಚಿದ ಅಂಚಿಲ್ಲ, ಈ ತೊಡಕೂ ಇಲ್ಲ, ಗುಂಡಿನ ವೇಗವೂ ಹೆಚ್ಚು. ಆದರೆ ಭುಜಕ್ಕೆ ಬೀಳುವ ಒದೆತವೂ ಹೆಚ್ಚು.

ಭುಜಕ್ಕೆ ಆನಿಸುವ ಹಿಂದಿನ ಮರ ಅಲ್ಲಾಡುತ್ತಿದ್ದರೆ ಗುರಿ ನಿಲ್ಲದು. ಅದನ್ನು ಒಳಗಿನ ಉದ್ದ ತಿರುಪೊಂದು ಹಿಡಿದಿರುತ್ತದೆ. ಲೀ ಮಾದರಿಯಲ್ಲಿ ನಳಿಕೆಯ ಕೆಳಗಿನ ಮುಂದಿನ ಮರ ಬಿಚ್ಚದೆ ಆ ತಿರುಪನ್ನು ತಿರುಗಿಸಿದರೆ ಮುಂದಿನ ಮರವೇ ಸೀಳುತ್ತದೆ. ಬಂದೂಕು ರಿಪೇರಿ ಬಲ್ಲವರಿಂದಲೇ ಮಾಡಿಸಿ.

ಮೆಕ್ಕೆಜೋಳಕ್ಕೆ ಹಂದಿ ಬರುತ್ತದೆಂದು ರೈಫಲ್ ಕೇಳುವವರಿಗೆ ನೇರ ಮಾತು: ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಪರಾಧ. ಕೋವಿಯ ಲೈಸನ್ಸ್ ಬೇಟೆಯ ಅನುಮತಿಯಲ್ಲ. ಜಗಳೂರಿನ ರಂಗಯ್ಯನದುರ್ಗದ ಸುತ್ತ ಕೊಂಡುಕುರಿಗಳಿವೆ (ನಾಲ್ಕು ಕೊಂಬಿನ ಜಿಂಕೆಯಂಥ ಕಾಡುಪ್ರಾಣಿ), ಕತ್ತಲಲ್ಲಿ ಗುಂಡಿಗೆ ಭೇದ ಗೊತ್ತಾಗದು. ನಮ್ಮ ಬಯಲಿನಲ್ಲಿ ರೈಫಲ್ ಗುಂಡು ಎರಡು ಕಿಲೋಮೀಟರಿಗೂ ಮೀರಿ ಹೋಗುತ್ತದೆ, ತಡೆಯಲು ಗುಡ್ಡವಿಲ್ಲ, ಆಚೆ ಇನ್ನೊಂದು ಊರು. ಬೆದರಿಸುವ ಸದ್ದಿಗೆ ಪಟಾಕಿ ಸಾಕು. ಈ ರೈಫಲ್ ಮನೆಯ ರಕ್ಷಣೆಗೆ, ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ಸರಿ.

ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗಿ ಬಂದರೆ ವಾರಗಟ್ಟಲೆ ಅಲ್ಲೇ ಇರುತ್ತದೆ. ಕೊಡುವ ಮುನ್ನ ನಳಿಕೆಗೆ, ಬೋಲ್ಟಿಗೆ ತೆಳುವಾಗಿ ಎಣ್ಣೆ ಹಚ್ಚಿ, ರಸೀದಿಯಲ್ಲಿ ನಂಬರ್ ಬರೆಸಿಕೊಳ್ಳಿ. ವಾಪಸ್ ಬಂದ ಮೇಲೆ ನಳಿಕೆಯ ಎಣ್ಣೆ ಪೂರ್ತಿ ಒರೆಸದೆ ಹಾರಿಸಬೇಡಿ.