ಟ್ರೈಗ್ಲಿಸರೈಡ್, ಜೀನ್, ವ್ಯಾಯಾಮ: ಅನೋವಾ, ಜಿಇಇ, ಮಿಕ್ಸೆಡ್ ಮಾಡೆಲ್ ಮೂರನ್ನೂ ಓಡಿಸಿ ನೋಡಿದೆ

ನನ್ನ ಪ್ರಶ್ನೆ ಇಷ್ಟೇ. ಎಪಿಒಎ5 ಜೀನಿನ ಕೆಲವು ರೂಪಗಳಿದ್ದವರಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಜಾಸ್ತಿ ಇರುತ್ತದೆ, ಹಾಗಾದ್ರೆ ವ್ಯಾಯಾಮದ ಫಲವೂ ಅವರಿಗೆ ಬೇರೆಯಾ? ನಿಜವಾದ ಡೇಟಾದಲ್ಲಿ ಸರಿಯುತ್ತರ ಯಾರಿಗೂ ಗೊತ್ತಿರಲ್ಲ, ಅದಕ್ಕೇ 200 ಜನ, ತಲಾ 5 ಭೇಟಿ ಅಂತ ಕಂಪ್ಯೂಟರಿನಲ್ಲೇ ಡೇಟಾ ಹುಟ್ಟಿಸಿದೆ. ಜೀನ್ ಯಾವುದೇ ಇರಲಿ, ವ್ಯಾಯಾಮದಿಂದ ಸರಾಸರಿ 20% ಇಳಿಕೆ. ಅಂದರೆ ಇಂಟರ್‌ಆ್ಯಕ್ಷನ್ (ಜೀನಿಗೆ ತಕ್ಕಂತೆ ವ್ಯಾಯಾಮದ ಫಲ ಬದಲಾಗುವುದು) ಇಲ್ಲವೇ ಇಲ್ಲ. ಒಬ್ಬರನ್ನೇ ಹಲವು ಸಲ ಅಳೆದ ಡೇಟಾಗೆ ಬಳಸುವ ಮೂರು ಸಂಖ್ಯಾಶಾಸ್ತ್ರದ ವಿಧಾನಗಳನ್ನು, ಅಂದರೆ ಅನೋವಾ, ಜಿಇಇ, ಮಿಕ್ಸೆಡ್ ಮಾಡೆಲ್, ಇದರ ಮೇಲೆ ಓಡಿಸಿದೆ.

ಮೊದಲ ಪೆಟ್ಟು ಬಿದ್ದದ್ದು ಮಾಡೆಲ್‌ನಿಂದಲ್ಲ, ಅಳತೆಯಿಂದ. 100 ಇದ್ದವರು 80ಕ್ಕೆ ಇಳಿದರೆ 20 ಕಡಿಮೆ, 300 ಇದ್ದವರು 240ಕ್ಕೆ ಇಳಿದರೆ 60 ಕಡಿಮೆ. ಲಾಗ್ (ಸಮ ಶೇಕಡಾ ಇಳಿಕೆಯನ್ನು ಸಮ ಅಂತರವಾಗಿ ತೋರಿಸುವ ಲಾಗರಿದಮ್) ತೆಗೆಯದೆ ಹಾಗೇ ಹಾಕಿದರೆ ಮೂರೂ ವಿಧಾನ ಇಲ್ಲದ ಇಂಟರ್‌ಆ್ಯಕ್ಷನ್ ತೋರಿಸುತ್ತವೆ. ಲಾಗ್ ತೆಗೆದ ಮೇಲೆ ಅದು ಮಾಯ. ಇದನ್ನು ದಯವಿಟ್ಟು ಮೊದಲೇ ಮಾಡಿ.

ರಿಪೀಟೆಡ್ ಮೆಶರ್ಸ್ ಅನೋವಾ (ಒಬ್ಬರದೇ ಹಲವು ಅಳತೆಗಳ ಸರಾಸರಿಗಳನ್ನು ಹೋಲಿಸುವ ವಿಧಾನ) ನನಗೆ ಬೇಗ ಬೇಸರ ತರಿಸಿತು. ಪ್ರತಿ ಭೇಟಿಗೂ 10% ಜನ ತಪ್ಪಿಸಿಕೊಂಡರೆ ಐದೂ ಭೇಟಿಗೆ ಬಂದವರು ಸುಮಾರು 118 ಜನ ಮಾತ್ರ, ಉಳಿದವರನ್ನು ಅದು ಪೂರ್ತಿ ಕೈಬಿಡುತ್ತದೆ. ಭೇಟಿಯಿಂದ ಭೇಟಿಗೆ ಬದಲಾಗುವ ವ್ಯಾಯಾಮಕ್ಕೂ ಅಲ್ಲಿ ಸರಿಯಾದ ಜಾಗವಿಲ್ಲ.

ಜಿಇಇ (ಜನರಲೈಸ್ಡ್ ಎಸ್ಟಿಮೇಟಿಂಗ್ ಈಕ್ವೇಶನ್ಸ್) ಬೇರೆ ಥರ. 1986ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಲಿಯಾಂಗ್ ಮತ್ತು ಝೀಗರ್ ಕೊಟ್ಟದ್ದು. ಇಡೀ ಗುಂಪಿನ ಸರಾಸರಿ ಸಾಕು ಅಂದ್ರೆ ಚೆನ್ನಾಗಿದೆ, ಒಬ್ಬರದೇ ಅಳತೆಗಳ ನಡುವಿನ ಸಂಬಂಧವನ್ನು ನಾವು ಸ್ವಲ್ಪ ತಪ್ಪಾಗಿ ಊಹಿಸಿದರೂ ತಡೆದುಕೊಳ್ಳುತ್ತದೆ. ಆದರೆ ಹಿಂದಿನ ಸಲ ಟ್ರೈಗ್ಲಿಸರೈಡ್ ಜಾಸ್ತಿ ಬಂದವರೇ ಮುಂದಿನ ಸಲ ಬರದಂತೆ ಮಾಡಿದಾಗ ಅದರ ಅಂದಾಜು ಜಾರಿತು. ಬಿಟ್ಟುಹೋಗುವ ಸಾಧ್ಯತೆ ನೋಡಿ ಉಳಿದ ಅಳತೆಗಳಿಗೆ ವೆಯ್ಟ್ (ತೂಕ) ಹಾಕಿ ಸರಿಪಡಿಸಬಹುದು, ಆದರೆ ಆ ವೆಯ್ಟ್‌ಗೆ ಇನ್ನೊಂದು ಮಾಡೆಲ್ ಬೇಕು, ಅಲ್ವಾ?

ಅಲ್ಲಿ ಮಿಕ್ಸೆಡ್ ಮಾಡೆಲ್ (ಗುಂಪಿನ ಸರಾಸರಿಯ ಜೊತೆ ಒಬ್ಬೊಬ್ಬರ ವ್ಯತ್ಯಾಸವನ್ನೂ ಲೆಕ್ಕ ಹಾಕುವ ವಿಧಾನ) ನಿಂತಿತು. ಹೀಗೆ ಬಿಟ್ಟುಹೋದವರ ಹಳೇ ಅಳತೆಗಳನ್ನೂ ಅದು ಚೆನ್ನಾಗಿ ಬಳಸಿಕೊಳ್ಳುತ್ತದೆ. ಆದರೆ ಸುಮ್ನೆ ಓಡಿಸಿದರೆ ಆಗಲ್ಲ. ಯಾವಾಗಲೂ ವ್ಯಾಯಾಮ ಮಾಡುವವರು ಬೇರೆ ವಿಷಯಗಳಲ್ಲೂ ಭಿನ್ನವಾಗಿರುತ್ತಾರೆ. ಅದಕ್ಕೆ ಪ್ರತಿಯೊಬ್ಬರ ವ್ಯಾಯಾಮದ ಸರಾಸರಿ ಒಂದು ಕಾಲಂ, ಆ ಸರಾಸರಿಯಿಂದ ಆ ಭೇಟಿಯಲ್ಲಿ ಎಷ್ಟು ಹೆಚ್ಚುಕಡಿಮೆ ಅನ್ನೋದು ಇನ್ನೊಂದು ಕಾಲಂ. ಜೀನ್ ಜೊತೆ ಎರಡನ್ನೂ ಬೇರೆಬೇರೆಯಾಗಿ ಗುಣಿಸಿದೆ, ನನ್ನ ಪ್ರಶ್ನೆಗೆ ಉತ್ತರ ಇದ್ದದ್ದು ಎರಡನೆಯದರಲ್ಲಿ.

ರ‍್ಯಾಂಡಮ್ ಸ್ಲೋಪ್ (ವ್ಯಾಯಾಮದ ಫಲ ಒಬ್ಬೊಬ್ಬರಿಗೆ ಬೇರೆಯಾಗಿರಲು ಮಾಡೆಲ್‌ನಲ್ಲಿ ಕೊಡುವ ಜಾಗ) ಕೂಡ ಬಿಡಬೇಡಿ. ವ್ಯಾಯಾಮಕ್ಕೆ ಒಬ್ಬೊಬ್ಬರ ಮೈ ಒಂದೊಂದು ಥರ ಸ್ಪಂದಿಸುವಾಗ ಅದನ್ನು ಬಿಟ್ಟರೆ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಚಿಕ್ಕದಾಗಿ, ಇಲ್ಲದ ಇಂಟರ್‌ಆ್ಯಕ್ಷನ್‌ಗೆ ಮತ್ತೆ ಮತ್ತೆ ನಕ್ಷತ್ರ (ಫಲಿತಾಂಶ ಆಕಸ್ಮಿಕವಲ್ಲ ಅನ್ನೋ ಗುರುತು) ಬೀಳುತ್ತದೆ. ಐದೇ ಭೇಟಿ ಇದ್ದದ್ದರಿಂದ ಆರ್‌ನ ಎಲ್‌ಎಂಇ4 (ಮಿಕ್ಸೆಡ್ ಮಾಡೆಲ್ ಓಡಿಸುವ ತಂತ್ರಾಂಶ) ಕೆಲವು ಸಲ ಸಿಂಗ್ಯುಲರ್ (ಇಷ್ಟೆಲ್ಲ ಅಂದಾಜಿಸಲು ಡೇಟಾ ಸಾಲದು) ಅಂತ ಎಚ್ಚರಿಸಿತು, ಆಗ ಸ್ಲೋಪ್ ಉಳಿಸಿಕೊಂಡು ಇಂಟರ್‌ಸೆಪ್ಟ್ (ಒಬ್ಬೊಬ್ಬರ ಮೂಲ ಮಟ್ಟ) ಜೊತೆಗಿನ ಕೋರಿಲೇಶನ್ ಮಾತ್ರ ತೆಗೆದೆ.